ಬಚ್ಚಲು ನೀರು, ಗೋಬರ್ ಸ್ಲರಿ, ಹಸಿರು ಪಾಚಿ: ರಾಯಚೂರು ಬಿಸಿಲಲ್ಲಿ ಬೆಳೆಸುವ ಬಗೆ

ಎಮ್ಮೆ ನೀರು ಕುಡಿಯುವ ತೊಟ್ಟಿಯನ್ನು ಹದಿನೈದು ದಿನ ತೊಳೆಯದೆ ಬಿಟ್ಟು ನೋಡಿ. ಗೋಡೆಗೆ ಜಾರುವ ಹಾವಸೆ ಅಂಟಿಕೊಳ್ಳುತ್ತದೆ. ಅದರ ಜೊತೆಗೆ ನೀರೇ ಹಸಿರಾಗುತ್ತದೆ, ಬಣ್ಣ ಕದಡಿದ ಹಾಗೆ. ಆ ನೀರನ್ನು ಸೋಸಿದರೂ ಬಟ್ಟೆಯ ಮೇಲೆ ಏನೂ ನಿಲ್ಲುವುದಿಲ್ಲ. ಕಣ್ಣಿಗೆ ಒಂದೊಂದಾಗಿ ಕಾಣದ ಆ ಪಾಚಿಯೇ ಸೂಕ್ಷ್ಮಪಾಚಿ. ನಾವು ಬಾರಿಗೆ ತಗೊಂಡು ತಿಕ್ಕಿ ಚೆಲ್ಲುವುದನ್ನೇ ಬೇಕಂತ ಬೆಳೆಸುವುದು ಹೇಗೆ ಅನ್ನುವುದು ಈ ಬರಹದ ವಿಷಯ.

ನಮ್ಮದು ಸಿಂಧನೂರು ತಾಲ್ಲೂಕು. ಮನೆಯಲ್ಲಿ ಎಮ್ಮೆಗಳಿವೆ, ಹಿತ್ತಲಲ್ಲಿ ಗೋಬರ್ ಗ್ಯಾಸ್ ಇದೆ. ನಾನು ಈ ಕೆಲಸಕ್ಕೆ ಇಳಿದಿದ್ದು ಪಾಚಿಯಿಂದ ಡೀಸೆಲ್ ತೆಗೆಯುವ ವಿಡಿಯೊ ನೋಡಿ. ಡೀಸೆಲ್ ಆಸೆ ಮೊದಲ ವರ್ಷವೇ ಹೋಯಿತು. ತೊಟ್ಟಿ ಮಾತ್ರ ಇವತ್ತಿಗೂ ಇದೆ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಲೆಕ್ಕ ಗೊತ್ತಿಲ್ಲದೆ ಇಟ್ಟಿಗೆ ತರಿಸಬೇಡಿ.

ಮೊದಲು ಲೆಕ್ಕ

ನನ್ನ ತೊಟ್ಟಿ 13 ಅಡಿ ಉದ್ದ, 5 ಅಡಿ ಅಗಲ. ನೀರು ನಿಲ್ಲಿಸುವುದು 10 ಇಂಚು. ಅಂದರೆ ಸುಮಾರು 6 ಚದರ ಮೀಟರ್ ಜಾಗ, 1500 ಲೀಟರ್ ನೀರು. ಇಂಥ ತೆರೆದ ತೊಟ್ಟಿ ಚೆನ್ನಾಗಿ ನಡೆದರೆ ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಒಣ ಪಾಚಿ ಅಂತ ಇಟ್ಟುಕೊಳ್ಳಬಹುದು. ಇನ್ನೂ ಜಾಸ್ತಿ ಬೆಳೆಸುವವರಿದ್ದಾರೆ, ಅವರ ಹತ್ತಿರ ಸಲಕರಣೆಯೂ ಇರುತ್ತದೆ. ನಮ್ಮ ಲೆಕ್ಕಕ್ಕೆ ದಿನಕ್ಕೆ 60 ಗ್ರಾಂ. ಒಂದು ಹಿಡಿ ಅವಲಕ್ಕಿಯಷ್ಟು ತೂಕ.

ಈಗ ಎಣ್ಣೆ. ಕೊಚ್ಚೆ ನೀರಲ್ಲಿ ಬೆಳೆದ ಪಾಚಿಯಲ್ಲಿ ಎಣ್ಣೆಯಂಶ ನೂರಕ್ಕೆ 10-15ರಷ್ಟು ಸಿಕ್ಕರೆ ದೊಡ್ಡದು. ಪಾಚಿ ಎಣ್ಣೆ ಕೂಡಿಡುವುದು ಅದಕ್ಕೆ ಸಾರಜನಕ ಸಿಗದೆ ಹಸಿದಾಗ. ನಮ್ಮ ನೀರಲ್ಲಿ ಸಾರಜನಕಕ್ಕೆ ಬರವೇ ಇಲ್ಲ, ಹೊಟ್ಟೆ ತುಂಬ ಉಂಡು ಬರೀ ಮರಿ ಹಾಕುತ್ತಾ ಹೋಗುತ್ತದೆ. 60 ಗ್ರಾಂನಲ್ಲಿ 6ರಿಂದ 9 ಗ್ರಾಂ ಎಣ್ಣೆ. ಒಂದು ಲೀಟರ್ ಆಗಲು ನಾಲ್ಕು ತಿಂಗಳು! ಅದನ್ನು ಡೀಸೆಲ್ ಮಾಡಲು ಪಾಚಿಯನ್ನು ಪೂರ್ತಿ ಒಣಗಿಸಬೇಕು, ಎಣ್ಣೆ ಬಿಡಿಸಬೇಕು, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಬೇಕು. ನೀರಿನಂಶ ಉಳಿದರೆ ಡೀಸೆಲ್ ಬದಲು ಸೋಪು ಬರುತ್ತದೆ. ಮೆಥನಾಲ್ ಅಂತೂ ಹೊಟ್ಟೆಗೆ ಹೋದರೆ ಕಣ್ಣು ಹೋಗುವಂಥ ವಿಷ. ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಅಮೆರಿಕ ಸರ್ಕಾರವೇ 1978ರಿಂದ 1996ರವರೆಗೆ ಪಾಚಿ ಇಂಧನಕ್ಕೆ ದೊಡ್ಡ ಯೋಜನೆ ನಡೆಸಿ, ಪೆಟ್ರೋಲಿಯಂ ಎದುರು ರೇಟು ಹೊಂದಲ್ಲ ಅಂತ ನಿಲ್ಲಿಸಿತು.

ಗ್ಯಾಸ್ ದಾರಿ ಸುಲಭ. ಪಾಚಿಯನ್ನು ಒಣಗಿಸದೆ ಹಸಿಯಾಗಿಯೇ ಸಗಣಿ ಜೊತೆ ಗೋಬರ್ ಗ್ಯಾಸಿಗೆ ಹಾಕಬಹುದು. 60 ಗ್ರಾಂ ಪಾಚಿಯಿಂದ ಸುಮಾರು 20 ಲೀಟರ್ ಗ್ಯಾಸ್ ಬರುತ್ತದೆ. ಮನೆಮಂದಿಗೆ ಒಂದು ಸಲದ ಚಹಾ ಆಗುತ್ತದೆ, ಅಷ್ಟೇ. ಅಡುಗೆಗೆಲ್ಲ ಸಾಲಬೇಕಾದರೆ ಸಗಣಿಯೇ ಗತಿ.

ಹಾಗಾದರೆ ಯಾಕೆ ಈ ಉಸಾಬರಿ? ನೀರಿಗಾಗಿ. ದಿನಕ್ಕೆ 300 ಲೀಟರ್ ಬಚ್ಚಲು ನೀರು ಓಣಿಯ ಗಟಾರಕ್ಕೆ ಹರಿದು ಸೊಳ್ಳೆ ಹುಟ್ಟಿಸುತ್ತಿತ್ತು. ಈಗ ಅದೇ ನೀರು ವಾಸನೆ ಇಲ್ಲದೆ ನೇಪಿಯರ್ ಹುಲ್ಲಿಗೆ ಹೋಗುತ್ತದೆ. ನೀರಿನ ಕೆಲಸ ಮೊದಲು, ಗ್ಯಾಸ್ ಅದರ ಮೇಲಿನ ಲಾಭ ಅಂದುಕೊಂಡು ಇಳಿದರೆ ಬೇಜಾರಾಗುವುದಿಲ್ಲ.

ಇದರ ಹಿಂದಿನ ಒಳಗುಟ್ಟು ಸರಳ. ಕೊಳೆಯನ್ನು ತಿನ್ನುವುದು ಬ್ಯಾಕ್ಟೀರಿಯಾ. ಅವಕ್ಕೆ ಆಮ್ಲಜನಕ ಬೇಕು, ಬಿಡುವುದು ಕಾರ್ಬನ್ ಡೈಆಕ್ಸೈಡ್. ಪಾಚಿಗೆ ಬೇಕಾದದ್ದು ಆ ಕಾರ್ಬನ್ ಡೈಆಕ್ಸೈಡ್, ಜೊತೆಗೆ ಅಮೋನಿಯಾ ಮತ್ತು ರಂಜಕ. ಬಿಡುವುದು ಆಮ್ಲಜನಕ. ಒಬ್ಬರದು ಇನ್ನೊಬ್ಬರಿಗೆ ಊಟ. ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಓಸ್ವಾಲ್ಡ್ ಮತ್ತು ಜೊತೆಯವರು 1950ರ ದಶಕದಲ್ಲೇ ಇದನ್ನು ಚರಂಡಿ ನೀರಿನ ಮೇಲೆ ಮಾಡಿ ತೋರಿಸಿದರು. ನಾವು ಈಗ ಕಟ್ಟುವ ಆಳವಿಲ್ಲದ, ನೀರು ಸುತ್ತುವ ತೊಟ್ಟಿ ಅವರ ಕೆಲಸದಿಂದ ಬಂದದ್ದು.

ಯಾವ ನೀರು ಆಗುತ್ತದೆ

ಸ್ನಾನದ ನೀರು, ಬಟ್ಟೆ ಜಾಲಿಸಿದ ನೀರು, ಕೊಟ್ಟಿಗೆ ತೊಳೆದ ನೀರು ಆಗುತ್ತದೆ. ಬರೀ ಬಚ್ಚಲು ನೀರಲ್ಲಿ ಗೊಬ್ಬರದ ಅಂಶ ಕಡಿಮೆ. ಅದಕ್ಕೆ ಗೋಬರ್ ಗ್ಯಾಸಿನಿಂದ ಹೊರಬಂದ ಸ್ಲರಿಯನ್ನು ಹಳೆ ಧೋತರದಲ್ಲಿ ಸೋಸಿ ಸೇರಿಸಬೇಕು. ಮೊದಲ ತುಂಬಿಗೆ 1500 ಲೀಟರಿಗೆ 30 ಲೀಟರ್. ಆಮೇಲೆ ದಿನಕ್ಕೆ 4-5 ಲೀಟರ್ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಬೆಳೆಯುತ್ತದೆ ಅನ್ನುವುದು ತಪ್ಪು. ಸ್ಲರಿಯ ಕಂದು ಬಣ್ಣ ಬೆಳಕನ್ನೇ ನುಂಗಿಬಿಡುತ್ತದೆ. ಅಮೋನಿಯಾ ಏರಿದರೆ ಪಾಚಿಯೇ ಸಾಯುತ್ತದೆ.

ಫಿನಾಯಿಲ್, ಬ್ಲೀಚಿಂಗ್ ಪುಡಿ, ಟಾಯ್ಲೆಟ್ ಆಸಿಡ್ ಬೀಳುವ ನೀರು ಬೇಡ. ಕಕ್ಕಸಿನ ನೀರು ಮನೆ ಮಟ್ಟದಲ್ಲಿ ಬೇಡವೇ ಬೇಡ. ಕಾರ್ಖಾನೆ ನೀರನ್ನು ಪರೀಕ್ಷೆ ಮಾಡಿಸದೆ ಮುಟ್ಟಬೇಡಿ, ಲೋಹಗಳಿದ್ದರೆ ಪಾಚಿ ಅದನ್ನು ಮೈಗೆ ಎಳೆದುಕೊಳ್ಳುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಹೊರಬೀಳುವ ಆರ್‌ಒ ವೇಸ್ಟ್ ನೀರಿನ ಬಗ್ಗೆ ಜನ ಕೇಳುತ್ತಾರೆ. ನಮ್ಮ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ವೇಸ್ಟ್ ನೀರಲ್ಲಿ ಅದು ಇನ್ನೂ ಗಟ್ಟಿಯಾಗಿರುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾದಂತೆ ಉಪ್ಪು ಏರುತ್ತದೆ. ನಾನು ಬಳಸುವುದಿಲ್ಲ.

ಗಂಗಾವತಿ, ಕಾರಟಗಿ ಕಡೆ ಅಕ್ಕಿ ಗಿರಣಿ ಇರುವವರಿಗೆ ಒಂದು ಮಾತು. ಭತ್ತ ಕುದಿಸುವ ಮುನ್ನ ನೆನೆಹಾಕಿದ ನೀರಲ್ಲಿ ಕೊಳೆಯುವ ಪದಾರ್ಥ ವಿಪರೀತ. ಅದನ್ನು ನೇರವಾಗಿ ಪಾಚಿ ತೊಟ್ಟಿಗೆ ಬಿಟ್ಟರೆ ಎರಡೇ ದಿನಕ್ಕೆ ಕೊಳೆತ ಮೊಟ್ಟೆ ವಾಸನೆ. ಮೊದಲು ಮುಚ್ಚಿದ ಟ್ಯಾಂಕಿನಲ್ಲಿ ಗ್ಯಾಸ್ ತೆಗೆದು, ಆಮೇಲೆ ಉಳಿದ ನೀರನ್ನು ತೆಳುವು ಮಾಡಿ ಬಿಡಬೇಕು. ಗಿರಣಿ ಮಟ್ಟದಲ್ಲಿ ಮಾಡುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ನೋಡಿಕೊಳ್ಳಿ.

ತೊಟ್ಟಿ ಕಟ್ಟುವುದು

ನಾನು ಮೊದಲ ತೊಟ್ಟಿಯನ್ನು ಎರೆ ಮಣ್ಣಿನ ಮೇಲೆ ನೇರವಾಗಿ ಇಟ್ಟಿಗೆ ಇಟ್ಟು ಕಟ್ಟಿಸಿದೆ. ಮಾರ್ಚ್ ಬರುವಷ್ಟರಲ್ಲಿ ನೆಲ ಬಾಯಿ ಬಿಟ್ಟಿತು, ಜೊತೆಗೆ ಗೋಡೆಯೂ. ಒಂದು ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ಖಾಲಿ, ಪಕ್ಕದ ಬದನೆ ಮಡಿ ಹಸಿರು ರಾಡಿ. ಎರೆ ಭೂಮಿ ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ ಅಂತ ಗೊತ್ತಿದ್ದೂ ಮಾಡಿದ ಕೆಲಸ.

ಎರಡನೆಯದಕ್ಕೆ ಒಂದು ಅಡಿ ಎರೆ ತೆಗೆಸಿ ಮರಂ ತುಂಬಿಸಿ ದಮ್ಮಸ್ಸು ಮಾಡಿಸಿದೆ. ಮೇಲೆ ಸಿಮೆಂಟ್ ಇಲ್ಲದೆ ಇಟ್ಟಿಗೆ ಜೋಡಿಸಿ, ಒಳಗೆ ದಪ್ಪ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿದೆ. ನೆಲ ಸ್ವಲ್ಪ ಅಲುಗಾಡಿದರೂ ಹಾಳೆ ಹರಿಯುವುದಿಲ್ಲ. ಗೋಡೆ 14-15 ಇಂಚು ಇರಲಿ, ಮಳೆ ಬಂದಾಗ ತುಂಬಿ ಹರಿಯದ ಹಾಗೆ ಮೇಲೆ ನಾಲ್ಕು ಇಂಚು ಬಿಡುವುದಕ್ಕೆ. ನಡುವೆ ಉದ್ದಕ್ಕೆ ಒಂದು ಗೋಡೆ, ಎರಡೂ ತುದಿಯಲ್ಲಿ ಎರಡಡಿ ಬಿಡುವು. ಗಾಣದ ಎತ್ತಿನ ಹಾಗೆ ನೀರು ಆ ಗೋಡೆಯ ಸುತ್ತ ತಿರುಗುತ್ತದೆ.

ಆಳ ಜಾಸ್ತಿ ಮಾಡಬೇಡಿ. ಹಸಿರು ದಟ್ಟವಾದ ಮೇಲೆ ಬೆಳಕು ಮೂರ್ನಾಲ್ಕು ಇಂಚು ಕೆಳಗೆ ಇಳಿಯುವುದೇ ಇಲ್ಲ. 8ರಿಂದ 12 ಇಂಚು ಸರಿ.

ಬೀಜದ ಪಾಚಿ

ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಗ್ರಹದಂಥ ಕಡೆ ಕ್ಲೊರೆಲ್ಲಾ, ಸಿನೆಡೆಸ್ಮಸ್ ಅನ್ನುವ ಸೂಕ್ಷ್ಮಪಾಚಿಗಳ ಶುದ್ಧ ತಳಿ ಸಿಗುತ್ತವೆ. ಆದರೆ ತೆರೆದ ತೊಟ್ಟಿಯಲ್ಲಿ ಶುದ್ಧ ತಳಿ ಒಂದು ವಾರವೂ ಶುದ್ಧವಾಗಿ ಇರುವುದಿಲ್ಲ. ನಮ್ಮೂರ ಬಿಸಿಲು ತಿಂದು ಬದುಕಿದ ಪಾಚಿಯೇ ಮೇಲು. ದನ ಕುಡಿಯುವ ತೊಟ್ಟಿಯ ಹಸಿರು ನೀರು ತನ್ನಿ.

ಎಲ್ಲ ಹಸಿರೂ ಒಂದೇ ಅಲ್ಲ, ಇಲ್ಲಿ ಹುಷಾರಾಗಿರಬೇಕು. ಕೈಗೆ ಗ್ಲೌಸ್ ಹಾಕಿ ಒಂದು ಕಡ್ಡಿಯನ್ನು ನೀರಲ್ಲಿ ಆಡಿಸಿ ಎತ್ತಿ. ನೂಲಿನಂತೆ ಜೋತುಬಿದ್ದರೆ ಅದು ಎಳೆ ಪಾಚಿ, ನಮಗೆ ಬೇಡ. ಕಡ್ಡಿಗೆ ಹಸಿರು ಪೇಂಟ್ ಹಚ್ಚಿದ ಹಾಗೆ ಆದರೆ ಅನುಮಾನ ಪಡಿ. ಗಾಜಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ, ಮುಚ್ಚಿ, ಅಲುಗಿಸದೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಹಸಿರೆಲ್ಲ ಮೇಲೆ ತೇಲಿ ಕೆನೆ ಕಟ್ಟಿದ್ದರೆ ಅದು ನೀಲಿಹಸಿರು ಜಾತಿ ಇರಬಹುದು. ಅವುಗಳಲ್ಲಿ ಕೆಲವು ವಿಷ ಬಿಡುತ್ತವೆ, ಅಂಥ ನೀರು ಕುಡಿದ ದನ ಸಾಯುವುದುಂಟು. ಚೆಲ್ಲಿಬಿಡಿ. ಕೆಳಗೆ ಇಳಿದಿದ್ದರೆ, ಅಥವಾ ನೀರಿನ ತುಂಬ ಸಮನಾಗಿ ಹರಡಿದ್ದರೆ ಇಟ್ಟುಕೊಳ್ಳಬಹುದು.

ಒಂದೇ ಸಲ ದೊಡ್ಡ ತೊಟ್ಟಿಗೆ ಸುರಿಯಬೇಡಿ. ಎರಡು ಲೀಟರ್ ಹಸಿರು ನೀರನ್ನು 20 ಲೀಟರ್ ವಾಟರ್ ಕ್ಯಾನಿಗೆ, ತೆಳು ಸ್ಲರಿ ನೀರಿನ ಜೊತೆ. ಐದಾರು ದಿನಕ್ಕೆ ಕ್ಯಾನು ಗಾಢ ಹಸಿರಾಗುತ್ತದೆ. ಅದು 200 ಲೀಟರ್ ಡ್ರಮ್ಮಿಗೆ. ಡ್ರಮ್ ಹಸಿರಾದ ಮೇಲೆ ತೊಟ್ಟಿಗೆ. ಹೆಪ್ಪು ಹಾಕುವ ಲೆಕ್ಕ ಅಂದುಕೊಳ್ಳಿ, ಹತ್ತಕ್ಕೆ ಒಂದು ಪಾಲು.

ಕಲಕುವುದು, ಮತ್ತು ಪಂಪಿನ ಮೋಸ

ಪಾಚಿ ಕೆಳಗೆ ಕೂತರೆ ಕೊಳೆಯುತ್ತದೆ. ದಿನವಿಡೀ ಮೆಲ್ಲಗೆ ನೀರು ಓಡುತ್ತಿರಬೇಕು. ನಾನು ಮೊದಲು ಅಕ್ವೇರಿಯಂಗೆ ಹಾಕುವ 18 ವ್ಯಾಟ್ ಪಂಪು ತಂದು ದಿನಕ್ಕೆ 12 ತಾಸು ಓಡಿಸಿದೆ. ಒಂದು ಸಂಜೆ ಸುಮ್ನೆ ಲೆಕ್ಕ ಹಾಕಿದೆ. ಪಂಪು ತಿನ್ನುವ ಕರೆಂಟಿನ ಶಕ್ತಿ, ನನಗೆ ಬರುವ ಪಾಚಿ ಗ್ಯಾಸಿನ ಶಕ್ತಿಗಿಂತ ಜಾಸ್ತಿ! ಕಾರ್ಬನ್ ಲೆಕ್ಕ ಇನ್ನೂ ನಗೆಪಾಟಲು. ಒಂದು ಕಿಲೋ ಒಣ ಪಾಚಿ ಬೆಳೆಯಲು ಸುಮಾರು 1.8 ಕಿಲೋ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ನನ್ನ 60 ಗ್ರಾಂಗೆ 108 ಗ್ರಾಂ. ನಮ್ಮ ದೇಶದ ಕರೆಂಟು ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಹೊಗೆ ಹೊತ್ತು ಬರುತ್ತದೆ. ಪಂಪಿನ ಪಾಲು 150 ಗ್ರಾಂ. ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚಾಯಿತಲ್ವಾ?

ಪಂಪು ತೆಗೆದೆ. ಈಗ ಉದ್ದ ಹಿಡಿಕೆಯ ಹಲಗೆಯಿಂದ ದಿನಕ್ಕೆ ಆರೇಳು ಸಲ, ಒಂದೊಂದು ಸಲ ಎರಡು ಮೂರು ನಿಮಿಷ ತಳ್ಳುತ್ತೇವೆ. ಹಾಲು ಕರೆಯಲು ಹೋಗುವವರು, ಹುಲ್ಲು ಹಾಕುವವರು, ಯಾರು ಹಾದುಹೋದರೂ ನಾಲ್ಕು ಹುಟ್ಟು. ಕೈ ಸಾಲದವರು ಸಣ್ಣ ಸೋಲಾರ್ ಪ್ಯಾನೆಲ್ಲಿಗೆ ಬ್ಯಾಟರಿ ಇಲ್ಲದೆ ನೇರವಾಗಿ ಡಿಸಿ ಪಂಪು ಜೋಡಿಸಲಿ. ಬಿಸಿಲಿದ್ದಾಗ ತಿರುಗುತ್ತದೆ, ಪಾಚಿಗೂ ಆಗಲೇ ಬೇಕಾದದ್ದು.

ಕಾರ್ಬನ್ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. 108 ಗ್ರಾಂ ಅಂದರೆ ಬೈಕಿನಲ್ಲಿ ಎರಡು ಕಿಲೋಮೀಟರ್ ಓಡಾಡಿದ ಹೊಗೆ. ಗ್ಯಾಸ್ ಉರಿಸಿದಾಗ ಅದರಲ್ಲಿ ಒಂದು ಪಾಲು ವಾಪಸ್ ಗಾಳಿಗೇ ಹೋಗುತ್ತದೆ. ನಿಜವಾದ ಉಳಿತಾಯ ಅಂದರೆ ಅಷ್ಟು ಸಿಲಿಂಡರ್ ಗ್ಯಾಸ್ ಉರಿಸದೆ ಉಳಿದದ್ದು. ರಾಯಚೂರಿಂದ ಹೈದರಾಬಾದ್ ದಾರಿಯಲ್ಲಿ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ನೋಡಿದಾಗೆಲ್ಲ ಪಾಚಿ ಕೊಳ ಕಟ್ಟಿ ಆ ಹೊಗೆ ಹಿಡಿಯಬಾರದೇಕೆ ಅನ್ನಿಸುತ್ತದೆ. ಹಿಡಿಯಬಹುದು, ಹೊಗೆಯನ್ನು ತಣ್ಣಗೆ ಮಾಡಿ ನೀರಲ್ಲಿ ಬಿಟ್ಟರೆ ಪಾಚಿ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಕಲ್ಲಿದ್ದಲಿನ ಒಂದು ಮೆಗಾವ್ಯಾಟ್ ದಿನವಿಡೀ ಓಡಿದರೆ 22-23 ಟನ್ ಕಾರ್ಬನ್ ಡೈಆಕ್ಸೈಡ್. ನನ್ನ ತೊಟ್ಟಿಯ ಬೆಳೆ ಲೆಕ್ಕದಲ್ಲಿ ಅಷ್ಟನ್ನು ಹೀರಲು 300 ಎಕರೆ ಕೊಳ ಬೇಕು. ಅಲ್ಲಿ ಇರುವುದು 1720 ಮೆಗಾವ್ಯಾಟ್. ಪೂರ್ತಿ ಓಡಿದರೆ 5 ಲಕ್ಷ ಎಕರೆ ದಾಟುತ್ತದೆ. ಭತ್ತ ಎಲ್ಲಿ ಬೆಳೆಯೋಣ?

ದಿನದ ಉಸ್ತುವಾರಿ

ಸಲಕರಣೆ ಎರಡೇ: ಪಿಎಚ್ ಪೇಪರ್ (ನೀರು ಹುಳಿಯೋ ಕ್ಷಾರವೋ ತೋರಿಸುವ ಕಾಗದ, ಅಂಕಿ ಏರಿದಷ್ಟೂ ಕ್ಷಾರ ಜಾಸ್ತಿ), ಮತ್ತೆ ಕೋಲಿನ ತುದಿಗೆ ಕಟ್ಟಿದ ಬಿಳಿ ಪ್ಲಾಸ್ಟಿಕ್ ಮುಚ್ಚಳ. ಕೋಲಿನ ಮೇಲೆ ಇಂಚಿನ ಗುರುತು ಮಾಡಿ. ನಿಧಾನಕ್ಕೆ ನೀರಿಗೆ ಇಳಿಸಿ, ಮುಚ್ಚಳ ಎಷ್ಟನೇ ಇಂಚಿಗೆ ಮಾಯವಾಗುತ್ತದೆ ನೋಡಿ. ಎರಡು, ಎರಡೂವರೆ ಇಂಚಿಗೇ ಮಾಯವಾದರೆ ಕೊಯ್ಲಿಗೆ ಬಂದಿದೆ. ನಾಲ್ಕು ಇಂಚಿಗೂ ಕಾಣುತ್ತಿದ್ದರೆ ಇನ್ನೂ ಕಾಯಿರಿ.

ಪಿಎಚ್ ನೋಡುವುದು ಮಧ್ಯಾಹ್ನ ಮೂರಕ್ಕೆ. ಪಾಚಿ ಕಾರ್ಬನ್ ಡೈಆಕ್ಸೈಡ್ ಎಳೆದಂತೆಲ್ಲ ಪಿಎಚ್ ಏರುತ್ತದೆ, 9ರವರೆಗೆ ಚಿಂತೆ ಇಲ್ಲ. 10ರ ಹತ್ತಿರ ಹೋದರೆ ಅದಕ್ಕೆ ಕಾರ್ಬನ್ ಸಾಲುತ್ತಿಲ್ಲ ಅಂತ ಅರ್ಥ. ಆಗ ಅಮೋನಿಯಾ ಕೂಡ ವಿಷವಾಗುತ್ತದೆ. ನಾನು ಮಾಡುವುದು ಇಷ್ಟೇ: ಸ್ಲರಿ ಮತ್ತು ಬಚ್ಚಲು ನೀರನ್ನು ಬೆಳಿಗ್ಗೆಯೇ ಬಿಡುವುದು. ಕೊಳೆ ತಿನ್ನುವ ಬ್ಯಾಕ್ಟೀರಿಯಾ ಮಧ್ಯಾಹ್ನದ ಹೊತ್ತಿಗೆ ಕಾರ್ಬನ್ ಡೈಆಕ್ಸೈಡ್ ಕೊಡುತ್ತಿರುತ್ತವೆ. ಗೋಬರ್ ಗ್ಯಾಸನ್ನೇ ತೊಟ್ಟಿಯಲ್ಲಿ ಗುಳ್ಳೆಯಾಗಿ ಬಿಟ್ಟು ಅದರಲ್ಲಿನ ಕಾರ್ಬನ್ ಡೈಆಕ್ಸೈಡ್ ಕೊಡುವ ಉಪಾಯ ಕೇಳಿರುತ್ತೀರಿ. ಮನೆಯಲ್ಲಿ ಮಾಡಬೇಡಿ. ಮೀಥೇನಿಗೆ ಪಾಚಿಯ ಆಮ್ಲಜನಕ ಬೆರೆತರೆ ಒಂದು ಕಿಡಿ ಸಾಕು.

ಒಮ್ಮೆ ಜನವರಿಯಲ್ಲಿ ಮದುವೆಗೆ ಅಂತ ಎರಡು ದಿನ ಊರಲ್ಲಿ ಇರಲಿಲ್ಲ. ಬಂದು ನೋಡಿದರೆ ಹಸಿರು ಮಾಯ. ನೀರು ತಿಳಿ ಚಹಾ ಬಣ್ಣಕ್ಕೆ ತಿರುಗಿತ್ತು. ಯಾರೋ ಏನೋ ಸುರಿದಿದ್ದಾರೆ ಅಂದುಕೊಂಡೆ. ಲೋಟದಲ್ಲಿ ನೀರು ಎತ್ತಿ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಸಾಸಿವೆಗಿಂತ ಸಣ್ಣ ಹುಳಗಳು ನೂರಾರು, ಕುಪ್ಪಳಿಸಿ ಕುಪ್ಪಳಿಸಿ ಈಜುತ್ತಿದ್ದವು. ಡಾಫ್ನಿಯಾ, ನೀರುಚಿಗಟ ಅನ್ನುತ್ತಾರೆ. ಹೊಟ್ಟೆಯೆಲ್ಲ ನನ್ನ ಪಾಚಿ, ಹಸಿರಾಗಿ ಹೊಳೆಯುತ್ತಿತ್ತು! ಅದಕ್ಕೇ ಈಗ ದಿನಾ ಒಂದು ಲೋಟ ನೀರು ಬೆಳಕಿಗೆ ಹಿಡಿದು ನೋಡುತ್ತೇನೆ. ನಾಲ್ಕೈದು ಕಂಡ ತಕ್ಷಣ ತೊಟ್ಟಿ ನೀರನ್ನು ಒತ್ತು ನೇಯ್ಗೆಯ ನೈಲಾನ್ ಬಟ್ಟೆಯಲ್ಲಿ ಸೋಸಿ ವಾಪಸ್ ಬಿಡಬೇಕು. ಪಾಚಿ ದಾಟುತ್ತದೆ, ಹುಳ ಉಳಿಯುತ್ತದೆ. ತಡವಾದರೆ ತೊಟ್ಟಿ ಖಾಲಿ ಮಾಡಿ, ಒಣಗಿಸಿ, ಮತ್ತೆ ಡ್ರಮ್ಮಿನಿಂದ ಶುರು. ಡ್ರಮ್ಮಿನಲ್ಲಿ ಯಾವಾಗಲೂ ಬೀಜ ಇರಲಿ ಅನ್ನುವುದು ಇದಕ್ಕೇ.

ಕೊಯ್ಲು

ದಿನಕ್ಕೆ ಐದರಲ್ಲಿ ಒಂದು ಪಾಲು, ಅಂದರೆ 300 ಲೀಟರ್ ಹಸಿರು ನೀರು ಎರಡು ಡ್ರಮ್ಮಿಗೆ ತೆಗೆಯಿರಿ. ಅಷ್ಟೇ ಹೊಸ ನೀರು ತೊಟ್ಟಿಗೆ ಬಿಡಿ. ಇನ್ನು ಡ್ರಮ್ಮಿನ ಪಾಚಿಯನ್ನು ಕೆಳಗೆ ಕೂರಿಸಬೇಕು. ಈ ಇಡೀ ಕೆಲಸದಲ್ಲಿ ತಲೆನೋವು ಇದೇ. ತಾನಾಗಿ ಕೂರಲು ಬಿಟ್ಟರೆ ಎರಡು ದಿನವೂ ಆಗಬಹುದು.

ನುಗ್ಗೆ ಬೀಜ ನಮ್ಮ ಕೈಲಿರುವ ಮದ್ದು. ಒಣಗಿದ ಬೀಜದ ಸಿಪ್ಪೆ ತೆಗೆದು, ಕುಟ್ಟಿ ಪುಡಿ ಮಾಡಿ, ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ. ಆ ಹಾಲಿನಂಥ ನೀರನ್ನು ಡ್ರಮ್ಮಿಗೆ ಹಾಕಿ ಒಂದು ನಿಮಿಷ ಜೋರಾಗಿ, ಆಮೇಲೆ ಹತ್ತು ನಿಮಿಷ ಮೆಲ್ಲಗೆ ತಿರುವಿ. ಒಡೆದ ಹಾಲಿನ ಹಾಗೆ ಪಾಚಿ ಗರಣೆಗಟ್ಟಿ ಇಳಿಯುತ್ತದೆ. ಎಷ್ಟು ಪುಡಿ ಬೇಕು ಅನ್ನುವುದು ನೀರಿನ ಮೇಲೆ ಹೋಗುತ್ತದೆ. ಒಂದೊಂದು ಲೀಟರಿನ ನಾಲ್ಕು ಬಾಟಲಿ ಇಟ್ಟು ಕಾಲು, ಅರ್ಧ, ಮುಕ್ಕಾಲು, ಒಂದು ಗ್ರಾಂ ಹಾಕಿ ನೋಡಿ, ಯಾವುದರಲ್ಲಿ ಅರ್ಧ ತಾಸಿಗೆ ತಿಳಿಯಾಗುತ್ತದೋ ಅದೇ ಅಳತೆ. ನುಗ್ಗೆ ಇಲ್ಲದಾಗ ಸುಣ್ಣದ ತಿಳಿ ಹಾಕಿ ಪಿಎಚ್ 11 ದಾಟಿಸಿದರೂ ಕೂರುತ್ತದೆ. ಆದರೆ ಆ ನೀರನ್ನು ಪಿಎಚ್ ಇಳಿಯುವವರೆಗೆ ನಿಲ್ಲಿಸದೆ ಹೊಲಕ್ಕೆ ಬಿಡಬೇಡಿ. ಆಲಂ (ಪಟಿಕ) ಕೂಡ ಕೆಲಸ ಮಾಡುತ್ತದೆ, ಆದರೆ ಅದು ಗೋಬರ್ ಗ್ಯಾಸಿನ ಜೀವಿಗಳಿಗೆ ಒಳ್ಳೆಯದಲ್ಲ.

ಮೇಲಿನ ತಿಳಿ ನೀರು ಹುಲ್ಲಿಗೆ, ತೆಂಗಿಗೆ, ಬಾಳೆಗೆ. ಕೊತ್ತಂಬರಿ, ಮೂಲಂಗಿಯಂಥ ಹಸಿಯಾಗಿ ತಿನ್ನುವುದಕ್ಕೆ ಬೇಡ. ತಳದಲ್ಲಿ ನಾಲ್ಕೈದು ಲೀಟರ್ ಹಸಿರು ಗಂಜಿ ಉಳಿಯುತ್ತದೆ. ಅದನ್ನು ಬೆಳಗಿನ ಸಗಣಿ ಕಲಸುವಾಗ ನೀರಿನ ಬದಲು ಹಾಕಿ. ಪಾಚಿಯ ಹೊರಸಿಪ್ಪೆ ಗಟ್ಟಿ, ನಿಧಾನವಾಗಿ ಕರಗುತ್ತದೆ. ಹಾಗಾಗಿ ಹೊಸದಾಗಿ ಶುರು ಮಾಡಿದಾಗ ಗ್ಯಾಸ್ ಹೆಚ್ಚಿದ್ದು ಕೆಲವು ವಾರ ಗೊತ್ತೇ ಆಗುವುದಿಲ್ಲ.

ದನಕ್ಕೆ ತಿನ್ನಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಅಂಗಡಿಯ ಸ್ಪಿರುಲಿನಾ ಶುದ್ಧ ನೀರಲ್ಲಿ ಬೇರೆ ರೀತಿ ಬೆಳೆಸಿದ್ದು. ಇದು ಬಚ್ಚಲು ನೀರಿನ ಪಾಚಿ, ಯಾವ ರೋಗಾಣು ಇದೆಯೋ. ತೊಟ್ಟಿಗೆ ಎಮ್ಮೆ ಮೂತಿ ಹಾಕದ ಹಾಗೆ, ಮಕ್ಕಳು ಬೀಳದ ಹಾಗೆ ಬೇಲಿ ಕಟ್ಟಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ನಮ್ಮ ಬಿಸಿಲು

ಬಿಸಿಲಿದ್ದರೆ ಪಾಚಿ ಚೆನ್ನಾಗಿ ಬೆಳೆಯುತ್ತದೆ ಅಂತ ಹೊರಗಿನವರು ಹೇಳುತ್ತಾರೆ. ಅವರು ಏಪ್ರಿಲ್‌ನಲ್ಲಿ ಸಿಂಧನೂರಿಗೆ ಬಂದಿಲ್ಲ. ಹೊರಗೆ 42-43 ಡಿಗ್ರಿ ಇದ್ದಾಗ ತೆಳು ತೊಟ್ಟಿಯ ನೀರು 38 ದಾಟುತ್ತದೆ. ಹೆಚ್ಚಿನ ಪಾಚಿಗೆ 25ರಿಂದ 35 ಹಿತ. ಅದರ ಮೇಲೆ ಹಸಿರು ಹಳದಿಗೆ ತಿರುಗಿ ನೊರೆ ಬರುತ್ತದೆ. ಮಾರ್ಚ್ ಶುರುವಿಗೇ 50 ಪರ್ಸೆಂಟ್ ನೆರಳಿನ ಬಲೆ ಕಟ್ಟಿ, ಹನ್ನೊಂದರಿಂದ ನಾಲ್ಕರವರೆಗೆ ಎಳೆಯಿರಿ. ನೀರು ಒಂದೆರಡು ಇಂಚು ಏರಿಸಿ. ಆ ದಿನಗಳಲ್ಲಿ ಒಂದು ದಿನಕ್ಕೆ 8 ಮಿಲಿಮೀಟರ್ ಆವಿಯಾದರೂ ನನ್ನ ತೊಟ್ಟಿಯಿಂದ 48 ಲೀಟರ್ ಹೋಗುತ್ತದೆ, ಹೆಚ್ಚುಕಡಿಮೆ ನಾಲ್ಕು ಕೊಡ. ಕುಡಿಯುವ ನೀರಿಗೇ ಪರದಾಡುವ ಹೊತ್ತಲ್ಲಿ ಪಾಚಿಗೆ ನಾಲ್ಕು ಕೊಡ ಹೊಯ್ಯಲು ಅವ್ವ ಬಿಡುವುದಿಲ್ಲ, ನಾನೂ ಕೇಳುವುದಿಲ್ಲ.

ಅದಕ್ಕೆ ಏಪ್ರಿಲ್ ಮಧ್ಯಕ್ಕೆ ತೊಟ್ಟಿ ನಿಲ್ಲಿಸುತ್ತೇನೆ. ತಳದ ಕೆಸರನ್ನು ತಿಪ್ಪೆಗೆ ಹಾಕಿ, ಹಾಳೆ ತೊಳೆದು ಮಡಿಚಿ ಒಳಗಿಡುತ್ತೇನೆ. ಬೀಜದ ಪಾಚಿ ಒಂದು ಲೀಟರ್ ಗಾಜಿನ ಬಾಟಲಿಯಲ್ಲಿ ಮನೆಯೊಳಗೆ, ನೇರ ಬಿಸಿಲು ಬೀಳದ ಉತ್ತರದ ಕಿಟಕಿಯಲ್ಲಿ. ಬಾಯಿಗೆ ಮುಚ್ಚಳ ಬಿಗಿಯಬೇಡಿ, ಹತ್ತಿ ತುರುಕಿ. ವಾರಕ್ಕೊಮ್ಮೆ ಒಂದು ಚಮಚ ಸೋಸಿದ ಸ್ಲರಿ, ದಿನಕ್ಕೊಮ್ಮೆ ಕೈಯಾಡಿಸಿದ ಹಾಗೆ ಒಂದು ಸಲ ಅಲುಗಿಸುವುದು. ಮೃಗಶಿರ ಮಳೆ ಬಿದ್ದು ನೀರು ತಂಪಾದ ಮೇಲೆ ಅದೇ ಬಾಟಲಿಯಿಂದ ಕ್ಯಾನಿಗೆ, ಕ್ಯಾನಿನಿಂದ ಡ್ರಮ್ಮಿಗೆ.